ಫೆರೊಮೋನ್ ಟ್ರ್ಯಾಪ್ ಇಟ್ಟರೂ ಅಡುಗೆಮನೆ ಚಿಟ್ಟೆ ಹೋಗುತ್ತಿಲ್ಲ, ಏನು ಮಾಡುವುದು?

ಸುಮಾ_ವಿಜಯನಗರ

ಎಲ್ಲರಿಗೂ ನಮಸ್ಕಾರ. ಯುಗಾದಿ ಕಳೆದ ಮೇಲೆ ಶುರುವಾದ ಕಾಟ ಇದು. ಸಂಜೆ ಲೈಟ್ ಹಾಕಿದರೆ ಸಾಕು, ಅಡುಗೆಮನೆಯಲ್ಲಿ ಬೂದು ಬಣ್ಣದ ಸಣ್ಣ ಚಿಟ್ಟೆಗಳು ಹಾರಾಡುತ್ತವೆ. ರಾಗಿ ಹಿಟ್ಟಿನ ಡಬ್ಬದಲ್ಲಿ ಜೇಡರ ಬಲೆಯಂಥ ನೂಲು, ಹಿಟ್ಟೆಲ್ಲ ಉಂಡೆ ಉಂಡೆ. ಅದನ್ನು ಎಸೆದು ಡಬ್ಬ ತೊಳೆದಿಟ್ಟೆ.

ಆಮೇಲೆ ಆನ್‌ಲೈನ್‌ನಲ್ಲಿ ಫೆರೊಮೋನ್ ಟ್ರ್ಯಾಪ್, ಅಂದರೆ ವಾಸನೆಯಿಂದ ಚಿಟ್ಟೆಯನ್ನು ಸೆಳೆದು ಅಂಟಿಸುವ ಬೋನು, ತರಿಸಿದೆ. ತ್ರಿಕೋನದ ರಟ್ಟು, ಒಳಗೆ ಅಂಟು, ನಡುವೆ ರಬ್ಬರ್ ಬಿರಡೆ. ಒಂದನ್ನು ಬೇಳೆ ಶೆಲ್ಫ್ ಹತ್ತಿರ, ಇನ್ನೊಂದನ್ನು ಯುಟಿಲಿಟಿ ಕಿಟಕಿ ಪಕ್ಕ ಇಟ್ಟಿದ್ದೇನೆ. ಇಲ್ಲಿಯವರೆಗೆ ಬಿದ್ದಿರುವುದು ಸೊಳ್ಳೆ, ಇರುವೆ, ಒಂದಿಷ್ಟು ಧೂಳು. ಚಿಟ್ಟೆ ಟ್ರ್ಯಾಪಿನ ಹೊರಗೆ, ಅದೇ ರಟ್ಟಿನ ಮೇಲೆ ಆರಾಮಾಗಿ ಕೂತಿರುತ್ತದೆ! ಡೂಪ್ಲಿಕೇಟ್ ಮಾಲು ಬಂತಾ?

ಬಿಸಿಲುಮಚ್ಚು

ಟ್ರ್ಯಾಪ್‌ಗೆಲ್ಲ ಸುಮ್ನೆ ದುಡ್ಡು ದಂಡ. ಡಬ್ಬಕ್ಕೆ ಒಣಗಿದ ಬೇವಿನ ಸೊಪ್ಪು, ನಾಲ್ಕು ಲವಂಗ ಹಾಕಿ ಸಾಕು.

ಜಯನಗರ_4ನೇ_ಬ್ಲಾಕ್

ನಮ್ಮ ಮನೆಯಲ್ಲಿ ಟ್ರ್ಯಾಪ್ ಚೆನ್ನಾಗಿಯೇ ಕೆಲಸ ಮಾಡಿತು. ಬಾದಾಮಿ, ಒಣದ್ರಾಕ್ಷಿ ಇಡುವ ಶೆಲ್ಫಿನಲ್ಲಿ ಇಟ್ಟಿದ್ದೆವು. ಒಂದೇ ವಾರದಲ್ಲಿ ಅಂಟಿನ ಮೇಲೆ ಜಾಗವೇ ಇರಲಿಲ್ಲ. ನಿಮ್ಮ ಬಿರಡೆ ಹಳೆಯದಿರಬೇಕು, ಎಕ್ಸ್‌ಪೈರಿ ನೋಡಿ.

ಕೀಟಗಣ್ಣು

ಮಾಲು ಡೂಪ್ಲಿಕೇಟ್ ಅಂತ ಈಗಲೇ ತೀರ್ಮಾನ ಬೇಡ. ಸುಮಾ ಅವರೇ, ಚಿಟ್ಟೆ ಗೋಡೆ ಮೇಲೆ ಕೂತಾಗ ಮೊಬೈಲ್ ಟಾರ್ಚ್ ಹಾಕಿ ರೆಕ್ಕೆ ನೋಡಿ. ತಲೆ ಕಡೆಯ ಭಾಗ ತಿಳಿ ಬಣ್ಣ, ತುದಿ ಕಡೆಯ ಅರ್ಧ ತಾಮ್ರದ ಕೆಂಪು, ಹೀಗೆ ಎರಡು ಬಣ್ಣ ಸ್ಪಷ್ಟವಾಗಿ ಕಾಣುತ್ತದಾ? ಅಥವಾ ಇಡೀ ರೆಕ್ಕೆ ಒಂದೇ ಮಾಸಲು ಬೂದಿಯಾ? ಉತ್ತರ ಅಲ್ಲೇ ಇದೆ.

ಸುಮಾ_ವಿಜಯನಗರ

ನೋಡಿದೆ ಸರ್. ಪೂರ್ತಿ ಬೂದಿ. ಉದ್ದಕ್ಕೆ ತೆಳ್ಳಗೆ ಗೆರೆ ಇದ್ದ ಹಾಗಿದೆ, ಕೆಂಪು ಎಲ್ಲೂ ಇಲ್ಲ. ಅರ್ಧ ಇಂಚು ಉದ್ದ ಇರಬಹುದು. ತಲೆ ಮುಂದೆ ಕೂದಲಿನ ಕುಚ್ಚಿನ ಥರ ಏನೋ ಚಾಚಿಕೊಂಡಿದೆ.

ಕೀಟಗಣ್ಣು

ಹಾಗಾದರೆ ಅದು ಅಕ್ಕಿ ಪತಂಗ, ಕಾರ್ಸೈರಾ ಸೆಫಲೋನಿಕಾ. ನಮ್ಮ ಕಡೆ ಅಕ್ಕಿ, ರವೆ, ರಾಗಿ ಹಿಟ್ಟು, ಜೋಳ, ಸಜ್ಜೆ, ಕಡಲೆಬೀಜ, ಎಳ್ಳು ಎಲ್ಲದಕ್ಕೂ ಬರುವುದು ಜಾಸ್ತಿ ಇದೇ. ಎರಡು ಬಣ್ಣದ ರೆಕ್ಕೆಯದ್ದು ಬೇರೆ, ಪ್ಲೋಡಿಯಾ. ಮಾರುಕಟ್ಟೆಯಲ್ಲಿ ಅಡುಗೆಮನೆ ಚಿಟ್ಟೆಗೆಂದು ಸಿಗುವ ಟ್ರ್ಯಾಪ್‌ಗಳಲ್ಲಿ ಹೆಚ್ಚಿನವು ಆ ಪ್ಲೋಡಿಯಾಗೆ ಮಾಡಿದವು. ಅದರ ಹೆಣ್ಣು ಬಿಡುವ ವಾಸನೆಯನ್ನೇ ಬಿರಡೆಗೆ ತುಂಬಿರುತ್ತಾರೆ, ಗಂಡು ಹುಡುಕಿಕೊಂಡು ಬಂದು ಅಂಟಿಕೊಳ್ಳುತ್ತದೆ. ಬಾದಾಮಿ ಪತಂಗದ ಗಂಡೂ ಅದೇ ವಾಸನೆಗೆ ಬರುತ್ತದೆ. ಜಯನಗರದವರ ಟ್ರ್ಯಾಪ್ ತುಂಬಿದ್ದು ಅದಕ್ಕೇ.

ಅಕ್ಕಿ ಪತಂಗದ ದಾರಿಯೇ ಬೇರೆ. ಇದರಲ್ಲಿ ಗಂಡಿನ ರೆಕ್ಕೆಯ ಗ್ರಂಥಿಯಿಂದ ವಾಸನೆ ಹೊರಡುತ್ತದೆ, ಹೆಣ್ಣು ಅದರ ಕಡೆ ಬರುತ್ತದೆ. ನಿಮ್ಮ ಬಿರಡೆಯಲ್ಲಿ ಇರುವುದು ಇದಕ್ಕೆ ಸಂಬಂಧವೇ ಇಲ್ಲದ ವಾಸನೆ. ಹಾಗಾಗಿ ಅದು ರಟ್ಟಿನ ಮೇಲೆ ಕೂತು ವಿಶ್ರಾಂತಿ ತೆಗೆದುಕೊಳ್ಳುತ್ತಿದೆ, ಅಷ್ಟೇ.

ಇನ್ನೊಂದು ಮಾತು. ಪ್ಲೋಡಿಯಾ ಇರುವ ಮನೆಯಲ್ಲೂ ಈ ಟ್ರ್ಯಾಪ್‌ಗೆ ಸಿಗುವುದು ಗಂಡು ಮಾತ್ರ. ಆಗಲೇ ಜೋಡಿಯಾದ ಹೆಣ್ಣು ನೂರಾರು ಮೊಟ್ಟೆ ಇಡುವುದನ್ನು ಅಂಟು ತಡೆಯುವುದಿಲ್ಲ. ಹಾರಾಡುವ ಚಿಟ್ಟೆ ಹಿಟ್ಟು ತಿನ್ನುವುದೂ ಇಲ್ಲ, ತಿನ್ನುವುದು ಹುಳ. ಮನೆಯಲ್ಲಿ ಎಷ್ಟಿವೆ, ಕಮ್ಮಿ ಆಗುತ್ತಿವೆಯಾ ಅಂತ ತಿಳಿಯಲು ಟ್ರ್ಯಾಪ್ ಒಳ್ಳೆಯದು. ಓಡಿಸುವ ಕೆಲಸ ನೀವೇ ಮಾಡಬೇಕು, ಮೂಲ ಹುಡುಕಬೇಕು. ರಾಗಿ ಹಿಟ್ಟು ಎಸೆದ ಮೇಲೂ ಹೊಸ ಚಿಟ್ಟೆ ಬರುತ್ತಿವೆ ಅಂದರೆ ಇನ್ನೆಲ್ಲೋ ಒಂದು ಕಡೆ ಇದೆ.

ಬೇವು, ಲವಂಗದ ಬಗ್ಗೆ: ಇಟ್ಟರೆ ತೊಂದರೆ ಇಲ್ಲ. ಒಳಗೆ ಆಗಲೇ ಇರುವ ಹುಳವಂತೂ ಅದಕ್ಕೆ ಜಾಗ ಬಿಡುವುದಿಲ್ಲ.

ಹಳೇಮಿಲ್

ಕೆಲ ವರ್ಷ ಹಿಟ್ಟಿನ ಮಿಲ್ ನಡೆಸಿದವನು ನಾನು. ರಾಗಿಗೆ ಹುಳ ಬರಲ್ಲ ಅಂತ ಜನ ಹೇಳುತ್ತಾರೆ ನೋಡಿ, ಅದು ಕಾಳಿಗೆ ಸರಿ. ಹಿಂದೆ ಹಗೇವಿನಲ್ಲಿ ವರ್ಷಗಟ್ಟಲೆ ಇಡುತ್ತಿದ್ದದ್ದು ಕಾಳನ್ನು. ಬೀಸಿದ ಮೇಲೆ ಆ ಮಾತು ನಡೆಯುವುದಿಲ್ಲ. ಐದು ಕೆಜಿ ಒಟ್ಟಿಗೆ ಬೀಸಿಸಿ ತಿಂಗಳುಗಟ್ಟಲೆ ಇಡಬೇಡಿ. ಕಾಳು ಇಟ್ಟುಕೊಳ್ಳಿ, ಹದಿನೈದು ದಿನಕ್ಕೆ ಆಗುವಷ್ಟು ಬೀಸಿಸಿ. ಬಿಸಿ ಹಿಟ್ಟನ್ನು ಆರಿಸದೆ ಡಬ್ಬಕ್ಕೆ ತುಂಬಬೇಡಿ.

ಮಲ್ಲೇಶ್ವರ_ಮೊಮ್ಮಗ

ನಾವು ಪೆಸ್ಟ್ ಕಂಟ್ರೋಲ್‌ನವರನ್ನು ಕರೆಸಿದ್ದೆವು. ಬಂದವರು ಸಿಂಕ್ ಕೆಳಗೆ ಜಿರಳೆ ಜೆಲ್ ಚುಕ್ಕೆ ಇಟ್ಟು ದುಡ್ಡು ತೆಗೆದುಕೊಂಡು ಹೋದರು. ಚಿಟ್ಟೆ ಹಾಗೇ ಇದೆ.

ಕೀಟಗಣ್ಣು

ಜೆಲ್ ತಿನ್ನಲು ಬರುವುದು ಜಿರಳೆ, ಚಿಟ್ಟೆ ಅಲ್ಲ. ಹಾಗಂತ ದಿನಸಿ ಶೆಲ್ಫಿಗೆ ಸ್ಪ್ರೇ ಹೊಡೆಯಬೇಡಿ. ನುಸಿಗುಳಿಗೆಯಂತೂ ತಿನ್ನುವ ಪದಾರ್ಥದ ಹತ್ತಿರ ಬೇಡವೇ ಬೇಡ.

ಸುಮಾ ಅವರೇ, ಒಂದು ಭಾನುವಾರ ಇಟ್ಟುಕೊಂಡು ಶೆಲ್ಫ್ ಪೂರ್ತಿ ಖಾಲಿ ಮಾಡಿ. ಸೀಲ್ ಒಡೆಯದ ಪ್ಯಾಕೆಟ್ ಅಂತ ಬಿಡಬೇಡಿ, ಈ ಹುಳ ತೆಳು ಪ್ಲಾಸ್ಟಿಕ್ ಕಡಿಯುತ್ತದೆ. ಬೆಳಕಿಗೆ ಹಿಡಿದರೆ ಸೂಜಿ ಚುಚ್ಚಿದಂಥ ತೂತು ಕಾಣುತ್ತದೆ. ಪ್ಲಾಸ್ಟಿಕ್ ಡಬ್ಬದ ಮುಚ್ಚಳ ತಿರುಗಿಸಿ, ಒಳಗಿನ ಮರೆಗಳನ್ನು ನೋಡಿ. ಅಕ್ಕಿ ಕಾಳಿಗಿಂತ ಸ್ವಲ್ಪ ದಪ್ಪಗೆ ಬಿಳಿ ಗೂಡು ಅಂಟಿಕೊಂಡಿರುತ್ತದೆ. ಹೊರಗಿಂದ ಎಷ್ಟು ತೊಳೆದರೂ ಅದು ಬಿಡುವುದಿಲ್ಲ, ಹಳೇ ಟೂತ್‌ಬ್ರಶ್ ಬೇಕು. ಶೆಲ್ಫಿಗೆ ಹಾಸಿದ ನ್ಯೂಸ್‌ಪೇಪರ್ ಅಡಿ, ಪ್ಲೈವುಡ್‌ನಲ್ಲಿ ಕೊರೆದ ತೂತು, ಬಾಗಿಲಿನ ಹಿಂಜು, ಸೀಲಿಂಗ್ ಮೂಲೆ, ಎಲ್ಲಕ್ಕೂ ವ್ಯಾಕ್ಯೂಮ್ ಹಿಡಿಯಿರಿ. ಕಸ ಅವತ್ತೇ ಮನೆಯಿಂದ ಆಚೆ ಹೋಗಲಿ.

ನೂಲು ಕಟ್ಟಿರುವುದನ್ನು ಜರಡಿ ಹಿಡಿದು ಉಳಿಸಿಕೊಳ್ಳಬೇಡಿ, ಎಸೆಯಿರಿ. ಚೆನ್ನಾಗಿ ಕಂಡದ್ದನ್ನು ಒಂದೊಂದು ಕೆಜಿ ಮಾಡಿ ಗಾಳಿಯಾಡದ ಕವರ್‌ನಲ್ಲಿ ಕಟ್ಟಿ ಫ್ರೀಜರ್‌ಗೆ ಹಾಕಿ. ಮೈನಸ್ 18 ಡಿಗ್ರಿಯಲ್ಲಿ ಒಂದು ವಾರ ಇದ್ದರೆ ಮೊಟ್ಟೆಯೂ ಸಾಯುತ್ತದೆ. ಹೊರಗೆ ತೆಗೆದ ತಕ್ಷಣ ಕವರ್ ಬಿಚ್ಚಬೇಡಿ. ತಣ್ಣಗಿನ ಹಿಟ್ಟಿಗೆ ಗಾಳಿ ತಗುಲಿದರೆ ನೀರಾಡುತ್ತದೆ.

ಬಿಸಿಲುಮಚ್ಚು

ಫ್ರೀಜರ್‌ನಲ್ಲಿ ಅಷ್ಟು ಜಾಗ ಯಾರ ಮನೆಯಲ್ಲಿದೆ ಸ್ವಾಮಿ? ಮಹಡಿ ಮೇಲೆ ಬಿಸಿಲಿಗೆ ಹಾಕಿದರೆ ಆಗಲ್ವಾ?

ಕೀಟಗಣ್ಣು

ಕಾಳಿಗೆ ಆಗುತ್ತದೆ. ತೆಳ್ಳಗೆ ಹರಡಬೇಕು. ಬಿಸಿ ತಾಳದೆ ಹುಳ ಹರಿದು ಹೋಗುತ್ತದೆ. ಆದರೆ ಮೊಟ್ಟೆ ಸಾಯಬೇಕಾದರೆ ಕಾಳು 50 ಡಿಗ್ರಿ ದಾಟಿ ಸ್ವಲ್ಪ ಹೊತ್ತು ಅಲ್ಲೇ ನಿಲ್ಲಬೇಕು. ನಮ್ಮೂರಿನ ಜುಲೈ ಮೋಡದಲ್ಲಿ ಅದು ಕನಸಿನ ಮಾತು. ರವೆ ಆದರೆ ಹುರಿದು ಆರಿಸಿ ಇಡಿ, ಅದಕ್ಕಿಂತ ಸುಲಭ ಇಲ್ಲ.

ಇನ್ನೊಂದು ತಮಾಷೆ ಗೊತ್ತಾ? ನೀವೆಲ್ಲ ಓಡಿಸುತ್ತಿರುವ ಇದೇ ಅಕ್ಕಿ ಪತಂಗವನ್ನು ಜೈವಿಕ ನಿಯಂತ್ರಣದ ಲ್ಯಾಬ್‌ಗಳಲ್ಲಿ ಒಡೆದ ಸಜ್ಜೆ, ಜೋಳ ಹಾಕಿ ಬೇಕೆಂದೇ ಸಾಕುತ್ತಾರೆ. ಅದರ ಮೊಟ್ಟೆಯ ಮೇಲೆ ಟ್ರೈಕೊಗ್ರಾಮಾ ಅನ್ನುವ ಪುಟ್ಟ ಕಣಜ ಬೆಳೆಸಿ, ರಟ್ಟಿಗೆ ಅಂಟಿಸಿ, ಕಬ್ಬಿನ ಗದ್ದೆಗೆ ಕೊರಕ ಹುಳದ ವಿರುದ್ಧ ಕೊಡುತ್ತಾರೆ. ಈ ಥರದ ಕೀಟಗಳ ಮೇಲೆ ಕೆಲಸ ಮಾಡುವ ರಾಷ್ಟ್ರೀಯ ಸಂಸ್ಥೆ ನಮ್ಮ ಹೆಬ್ಬಾಳದಲ್ಲೇ ಇದೆ.

ಸುಮಾ_ವಿಜಯನಗರ

ಸಿಕ್ಕಿತು! ಶೆಲ್ಫಿನಲ್ಲಿ ಅಲ್ಲ, ಅಟ್ಟದ ಮೇಲೆ. ಕಳೆದ ಗೌರಿ ಹಬ್ಬದ ಮೊರದ ಬಾಗಿನ. ಅಕ್ಕಿ, ರವೆ, ತೊಗರಿಬೇಳೆ, ಕಡಲೆಬೇಳೆ ಎಲ್ಲ ಸಣ್ಣ ಸಣ್ಣ ಪ್ಯಾಕೆಟ್. ಆಮೇಲೆ ಬಳಸೋಣ ಅಂತ ಒಂದು ಚೀಲಕ್ಕೆ ಹಾಕಿ ನಮ್ಮತ್ತೆ ಎತ್ತಿಟ್ಟಿದ್ದರಂತೆ. ರವೆ ಪ್ಯಾಕೆಟ್ ಕೈಗೆತ್ತಿಕೊಂಡರೆ ಇಡೀ ರವೆ ಒಂದೇ ಗಟ್ಟಿಯಾಗಿ ಅಲುಗಾಡಿತು, ಒಳಗಡೆ ಬರೀ ನೂಲು. ಮೊರದ ಹೆಣಿಗೆ ಸಂದಿಯಲ್ಲೆಲ್ಲ ಬಿಳಿ ಗೂಡು. ಮೊರ ಸಮೇತ ಆಚೆ ಹಾಕಿಸಿದೆ. ಅತ್ತೆಗೆ ಸ್ವಲ್ಪ ಬೇಜಾರಾಯಿತು, ಆ ರವೆ ತೋರಿಸಿದ ಮೇಲೆ ಸುಮ್ಮನಾದರು.

ಆದರೆ ಎರಡು ದಿನದಿಂದ ಮತ್ತೆ ಒಂದೊಂದು ಹಾರುತ್ತಿದೆ. ಟ್ರ್ಯಾಪ್ ಎಸೆದುಬಿಡಲಾ?

ಹಳೇಮಿಲ್

ದೇವರ ಮನೆಯನ್ನೂ ನೋಡಿ ಮೇಡಂ. ಕಳಶದ ಕೆಳಗಿನ ಅಕ್ಕಿ, ಒಣಕೊಬ್ಬರಿ, ಅಕ್ಷತೆ ಡಬ್ಬ.

ಕೀಟಗಣ್ಣು

ಗಾಬರಿ ಬೇಡ. ಸಂದಿ ಸೇರಿಕೊಂಡಿದ್ದ ಗೂಡುಗಳಿಂದ ಬರುತ್ತಿವೆ. ಮೊಟ್ಟೆಯಿಂದ ಚಿಟ್ಟೆ ಆಗುವವರೆಗೆ ಸುಮಾರು ಆರೇಳು ವಾರ ಬೇಕು, ಚಳಿ ಇದ್ದರೆ ಇನ್ನೂ ನಿಧಾನ. ಅಷ್ಟು ದಿನ ಕಂಡದ್ದನ್ನು ವ್ಯಾಕ್ಯೂಮ್‌ನಲ್ಲಿ ಎಳೆದುಕೊಳ್ಳಿ, ವಾರಕ್ಕೊಮ್ಮೆ ಮುಚ್ಚಳ ನೋಡಿ. ದಿನೇ ದಿನೇ ಜಾಸ್ತಿಯಾದರೆ ಮಾತ್ರ ಇನ್ನೊಂದು ಮೂಲ ಇದೆ ಅಂತ ಅರ್ಥ.

ಟ್ರ್ಯಾಪ್ ಎಸೆಯಬೇಡಿ. ಕಿಟಕಿ ಪಕ್ಕದಿಂದ ತೆಗೆದು, ಡ್ರೈ ಫ್ರೂಟ್ಸ್ ಇಡುವ ಕಡೆ ಎತ್ತರದಲ್ಲಿ ಒಂದನ್ನು ಇಡಿ. ಮುಂದೆ ಪ್ಲೋಡಿಯಾ ಬಂದರೆ ಮೊದಲು ಅಲ್ಲೇ ಗೊತ್ತಾಗುತ್ತದೆ. ಬಿರಡೆಯ ವಾಸನೆ ಎರಡು ಮೂರು ತಿಂಗಳು ಇರುತ್ತದೆ. ಪ್ಯಾಕ್ ಒಡೆಯದ ಬಿರಡೆ ಉಳಿದಿದ್ದರೆ ಫ್ರೀಜರ್‌ನಲ್ಲಿ ಇಡಿ. ಮುಟ್ಟಿದ ಮೇಲೆ ಕೈ ತೊಳೆದುಕೊಳ್ಳಿ, ಇಲ್ಲದಿದ್ದರೆ ಆ ವಾಸನೆ ಡಬ್ಬಗಳಿಗೂ ಹತ್ತುತ್ತದೆ.

ಸುಮಾ_ವಿಜಯನಗರ

ಸರಿ ಸರ್, ಹಾಗೇ ಮಾಡುತ್ತೇನೆ. ದೇವರ ಮನೆ ಕೊಬ್ಬರಿಯಲ್ಲಿ ಏನೂ ಇರಲಿಲ್ಲ, ಅಕ್ಷತೆ ಡಬ್ಬದಲ್ಲಿ ಎರಡು ಹುಳ ಸಿಕ್ಕವು. ಅದನ್ನೂ ಖಾಲಿ ಮಾಡಿದೆ.