ಬಟ್ಟೆ ತಪ್ಪಿದ್ದಕ್ಕೆ ಚಾಂಪಿಯನ್ನನ್ನೇ ಹೊರಗಿಟ್ಟರು

ಗುಂಪು: ಮೈಸೂರು ಮನೆಯವರು

ದೊಡ್ಡಪ್ಪ: (ಫಾರ್ವರ್ಡ್) "ಹಾಕಿದ ಸೂಟ್ ಸರಿಯಿಲ್ಲವೆಂದು ಬೈಕ್ ರೇಸಿನ ವಿಶ್ವ ಚಾಂಪಿಯನ್ ಹೊರಕ್ಕೆ!"
ನಿಜವೇನೋ ರಘು? ನೀನು ಪೋಲೆಂಡಿನಲ್ಲೇ ಇದ್ದೀಯಲ್ಲ.

ರಘು: ನಿಜ ದೊಡ್ಡಪ್ಪ. ಆಗಿದ್ದು 2023ರ ಸೆಪ್ಟೆಂಬರಿನಲ್ಲಿ, ಡೆನ್ಮಾರ್ಕಿನ ವೋಯೆನ್ಸ್‌ನಲ್ಲಿ. ಸವಾರ ಪೋಲೆಂಡಿನ ಬಾರ್ಟೋಶ್ ಜ್ಮಾರ್ಜ್ಲಿಕ್, ರೇಸ್ ಸ್ಪೀಡ್‌ವೇ. ಅರ್ಹತಾ ಸುತ್ತಿಗೆ ನಿಯಮದ ಸೂಟ್ ಬಿಟ್ಟು ಬೇರೆ ಸೂಟ್ ಹಾಕಿಕೊಂಡು ಬಂದ. ಆ ರಾತ್ರಿ ಓಡಲೇ ಬಿಡಲಿಲ್ಲ. ಆ ವರ್ಷದ ವಿಶ್ವ ಪಟ್ಟದ ಲೆಕ್ಕದಲ್ಲಿ 24 ಪಾಯಿಂಟ್ ಮುಂದಿದ್ದವನ ಅಂತರ 6ಕ್ಕೆ ಇಳಿಯಿತು.

ಸುಮಾ ಅತ್ತೆ: ಇದು ಅನ್ಯಾಯ. ಗಾಡಿ ಓಡಿಸುವುದು ಬಟ್ಟೆಯಲ್ಲ.

ದೊಡ್ಡಪ್ಪ: ಹಾಗಲ್ಲ ಸುಮಾ. ಸರಿಯಾದ ಸೂಟ್ ಹಾಕಿಕೊಂಡು ಬಂದ ಉಳಿದ 15 ಜನ ಏನು ತಪ್ಪು ಮಾಡಿದ್ದರು?

ಕಾವ್ಯ: ಅಣ್ಣ, ಸ್ಪೀಡ್‌ವೇ ಅಂದರೆ ಯಾವ ರೇಸ್?

ರಘು: ಮಣ್ಣಿನ ಟ್ರ್ಯಾಕ್. ನಾಲ್ಕು ಜನ, ನಾಲ್ಕು ಸುತ್ತು, ಸುಮಾರು ಒಂದು ನಿಮಿಷದಲ್ಲಿ ಮುಗಿಯುತ್ತದೆ. 500 ಸಿಸಿ ಗಾಡಿ, ಮೆಥನಾಲ್ ಹಾಕುತ್ತಾರೆ. ಒಂದೇ ಗೇರ್. ಬ್ರೇಕೇ ಇಲ್ಲ. ತಿರುವಿನಲ್ಲಿ ಹಿಂದಿನ ಚಕ್ರ ಬೇಕಂತಲೇ ಜಾರಿಸುತ್ತಾರೆ. ಎಡಗಾಲಿನ ಬೂಟಿಗೆ ಉಕ್ಕಿನ ತಗಡು ಕಟ್ಟಿರುತ್ತಾರೆ, ಅದು ನೆಲಕ್ಕೆ ಉಜ್ಜಿಕೊಂಡೇ ಹೋಗುತ್ತದೆ. ನಾನು ಇಲ್ಲಿ ವ್ರೊಟ್ಸ್ವಾಫ್ ಸ್ಟೇಡಿಯಮ್ಮಿನಲ್ಲಿ ಮೊದಲ ತಿರುವಿನ ಹತ್ತಿರ ಕೂತಿದ್ದೆ. ಹಾರಿದ ಮಣ್ಣು ನನ್ನ ಟೀ ಲೋಟದೊಳಗೆ ಬಿತ್ತು. ಸುಟ್ಟ ಹರಳೆಣ್ಣೆಯಂಥ ವಾಸನೆ, ಮನೆಗೆ ಬಂದ ಮೇಲೂ ಜಾಕೆಟ್ಟಿನಲ್ಲಿ ಇತ್ತು.

ದೊಡ್ಡಪ್ಪ: ಜಾವಾ ಕಂಪನಿಯೂ ಈ ರೇಸಿಗೆ ಗಾಡಿ ಮಾಡುತ್ತಿತ್ತು ಅಂತ ಕೇಳಿದ್ದೆ.

ರಘು: ಹೌದು, ಚೆಕ್ ದೇಶದ ದಿವಿಶೋವ್‌ನಲ್ಲಿ. ಆದರೆ ನಮ್ಮ ಮೈಸೂರಿನಲ್ಲಿ ಮಾಡಿದ ಟೂ ಸ್ಟ್ರೋಕ್ ತರಹದ್ದಲ್ಲ, ಅದು ಫೋರ್ ಸ್ಟ್ರೋಕ್. ಆರು ಸಲ ವಿಶ್ವ ಚಾಂಪಿಯನ್ ಆದ ನ್ಯೂಜಿಲೆಂಡಿನ ಐವನ್ ಮೌಗರ್ ಕೂಡ ಜಾವಾ ಓಡಿಸಿದವನೇ.

ದೊಡ್ಡಪ್ಪ: ಅದು ಸರಿ. ಆದರೆ ನೀನಿರುವ ದೇಶದವನು ಅಂತ ಅವನ ಪರ ವಹಿಸಬೇಡ.

ರಘು: ಪರ ಅಲ್ಲ ದೊಡ್ಡಪ್ಪ. ಸ್ಟಾರ್ಟಿನಲ್ಲಿ ಅಡ್ಡ ಕಟ್ಟಿದ ಟೇಪ್ ಮೇಲೇಳುವ ಮೊದಲೇ ಅದನ್ನು ಮುಟ್ಟಿದರೆ ಆ ಒಂದು ಹೀಟ್, ಅಂದರೆ ಆ ಒಂದು ಓಟ, ಕಳೆದುಕೊಳ್ಳುತ್ತಾರೆ, ಅಷ್ಟೇ. ಅದು ಓಟದಲ್ಲಿ ಲಾಭ ಕೊಡುವ ತಪ್ಪು. ಸೂಟಿನಿಂದ ಏನು ಲಾಭ? ದಂಡ ಹಾಕಲಿ, ದುಡ್ಡು ಕಟ್ಟಿಸಿಕೊಳ್ಳಲಿ. ಇಡೀ ರಾತ್ರಿ ಕಿತ್ತುಕೊಳ್ಳುವುದು ಯಾವ ನ್ಯಾಯ?

ಸುಮಾ ಅತ್ತೆ: ಅಲ್ವಾ? ಅಣ್ಣ, ಇದಕ್ಕೆ ಉತ್ತರ ಹೇಳು.

ದೊಡ್ಡಪ್ಪ: ನಿಯಮ ಮೊದಲೇ ಗೊತ್ತಿತ್ತು. ಅದೇ ಉತ್ತರ.

ರಘು: ಮೊದಲೇ ಗೊತ್ತಿದ್ದ ಮಾತ್ರಕ್ಕೆ ನಿಯಮ ಸರಿ ಅಂತ ಆಗುವುದಿಲ್ಲ. 1936ರಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಸ್ಪೀಡ್‌ವೇಯ ಮೊದಲ ವಿಶ್ವ ಫೈನಲ್. ಆಸ್ಟ್ರೇಲಿಯಾದ ಬ್ಲೂಯಿ ವಿಲ್ಕಿನ್ಸನ್ ಐದು ಹೀಟಿಗೆ ಐದೂ ಗೆದ್ದ, 15ಕ್ಕೆ 15 ಪಾಯಿಂಟ್. ಆದರೂ ಮೂರನೇ ಸ್ಥಾನ! ಫೈನಲ್ಲಿಗೆ ಮುಂಚಿನ ಸುತ್ತುಗಳ ಬೋನಸ್ ಪಾಯಿಂಟ್ ಸೇರಿಸಿದರು, ಅವನದು 25 ಆಯಿತು. ವಾನ್ ಪ್ರಾಗ್, ಲ್ಯಾಂಗ್ಟನ್ ಅಂತ ಇನ್ನಿಬ್ಬರು ಸವಾರರದು 26. ಅವರಿಬ್ಬರನ್ನೇ ಮತ್ತೆ ಓಡಿಸಿದರು, ವಾನ್ ಪ್ರಾಗ್ ಚಾಂಪಿಯನ್. ಆ ರಾತ್ರಿ ಯಾರಿಗೂ ಸೋಲದವನು ಸುಮ್ನೆ ನೋಡುತ್ತಾ ನಿಂತ.

ಕಾವ್ಯ: ಅಯ್ಯೋ, ಪಾಪ.

ದೊಡ್ಡಪ್ಪ: ಬೋನಸ್ ಅವನಿಗೂ ಸಿಕ್ಕಿತ್ತಲ್ಲ, ಕಮ್ಮಿ ಸಿಕ್ಕಿತ್ತು ಅಷ್ಟೇ. ಹಿಂದಿನ ಸುತ್ತುಗಳನ್ನು ಎಣಿಸಬಾರದು ಅಂದರೆ ಅವು ಯಾಕೆ ಬೇಕು? ಆಮೇಲೆ ಅವನೇನಾದ?

ರಘು: 1938ರಲ್ಲಿ ಗೆದ್ದ. ಕಾಲರ್ ಬೋನ್ ಮುರಿದಿತ್ತು, ಪಟ್ಟಿ ಸುತ್ತಿಕೊಂಡೇ ಓಡಿಸಿದ.

ದೊಡ್ಡಪ್ಪ: ಭಲೇ. ಇವನು, ನಿಮ್ಮ ಜ್ಮಾರ್ಜ್ಲಿಕ್?

ರಘು: ಎರಡು ವಾರಕ್ಕೆ ಇಲ್ಲೇ ಪೋಲೆಂಡಿನ ಟೊರುನ್‌ನಲ್ಲಿ ಕೊನೆಯ ರೇಸ್. ಸ್ವೀಡನ್ನಿನ ಲಿಂಡ್‌ಗ್ರೆನ್ ಬೆನ್ನ ಹಿಂದೆಯೇ ಇದ್ದ. ಆದರೂ ಪಟ್ಟ ಇವನದೇ ಆಯಿತು.

ಸುಮಾ ಅತ್ತೆ: ದೇವರು ದೊಡ್ಡವನು.

ದೊಡ್ಡಪ್ಪ: ಗೆದ್ದಿದ್ದಕ್ಕೆ ಸಂತೋಷ. ಹೊರಗಿಟ್ಟಿದ್ದು ಈಗಲೂ ಸರಿಯೇ.

ರಘು: ನಾನು ಒಪ್ಪಲ್ಲ ದೊಡ್ಡಪ್ಪ.

ದೊಡ್ಡಪ್ಪ: ಒಪ್ಪಬೇಡ. ಆ ಫೋರ್ ಸ್ಟ್ರೋಕ್ ಜಾವಾ ಎಲ್ಲಾದರೂ ಕಂಡರೆ ಫೋಟೊ ಕಳಿಸು. ಇಂಜಿನ್ ಹತ್ತಿರದಿಂದ ತೆಗಿ.