ಸಹಾಯ ಬೇಕು: ಮನೆಯಲ್ಲೇ ಕಟ್ಟಿದ ಟ್ಯೂಬ್ ಆಂಪ್‌ನಲ್ಲಿ ಗುಂಯ್ ಸದ್ದು

ಎಲ್ಲರಿಗೂ ನಮಸ್ಕಾರ. ಗಿಟಾರ್‌ಗೆ ಅಂತ ಚಿಕ್ಕದೊಂದು ಟ್ಯೂಬ್ ಆಂಪ್ ಕಟ್ಟಿದ್ದೇನೆ. ಮೊದಲ ಹಂತಕ್ಕೆ ಒಂದು 12ಎಎಕ್ಸ್7 ಟ್ಯೂಬ್, ಸ್ಪೀಕರ್ ಓಡಿಸಲು ಒಂದೇ ಒಂದು 6ವಿ6 ಟ್ಯೂಬ್, ಎಸಿಯನ್ನು ಡಿಸಿ ಮಾಡಲು ಡಯೋಡ್ ರೆಕ್ಟಿಫೈಯರ್. ನುಡಿಸಿದರೆ ಸೌಂಡ್ ಚೆನ್ನಾಗಿದೆ. ಕೈ ನಿಲ್ಲಿಸಿದರೆ ಪಕ್ಕದಲ್ಲೇ ಜೇನುಗೂಡು ಇದ್ದ ಹಾಗೆ!

ಸದ್ದು ಎರಡು ಥರ ಇದೆ. ಒಂದು ದಪ್ಪನೆಯ ಗುಂಯ್. ವಾಲ್ಯೂಮ್ ಸೊನ್ನೆಗೆ ಇಳಿಸಿದರೂ ಹೋಗುವುದಿಲ್ಲ. 12ಎಎಕ್ಸ್7 ಕಿತ್ತರೂ ಅಷ್ಟೇ ಇದೆ. ಗಿಟಾರಿನ ದಪ್ಪ ತಂತಿಯ ಮೂರನೇ ಫ್ರೆಟ್ ಒತ್ತಿ ಮೀಟಿದೆ, ಹೆಚ್ಚುಕಮ್ಮಿ ಅದೇ ಸ್ವರ. ಅಂದರೆ 100 ಹರ್ಟ್ಜ್ ಆಸುಪಾಸು. ಹಾಗಾದರೆ ಇದು ಟ್ಯೂಬ್ ಕಾಯಿಸುವ ಹೀಟರ್‌ನ 50 ಹರ್ಟ್ಜ್ ಸದ್ದಲ್ಲ, ಪವರ್ ಸಪ್ಲೈ ರಿಪಲ್ (ಡಿಸಿಯಲ್ಲಿ ಉಳಿಯುವ ಏರಿಳಿತ, ಕರೆಂಟಿನ 50 ಹರ್ಟ್ಜ್‌ನ ಎರಡರಷ್ಟು) ಅಲ್ವಾ? ಮೊದಲ ಫಿಲ್ಟರ್ ಕೆಪಾಸಿಟರ್ 22 ಮೈಕ್ರೋಫ್ಯಾರಡ್ ಇತ್ತು, 47 ಹಾಕಿದೆ. ಸ್ವಲ್ಪ ತಗ್ಗಿತು, ಅಷ್ಟೇ. ಎರಡು ಟ್ಯೂಬ್ ಎದುರುಬದುರಾಗಿ ದುಡಿಯುವ ಪುಶ್-ಪುಲ್ ಆಗಿದ್ದರೆ ರಿಪಲ್ ಬಹುಪಾಲು ತಾನೇ ರದ್ದಾಗುತ್ತಿತ್ತು. ಒಂಟಿ ಟ್ಯೂಬಿಗೆ ಆ ಭಾಗ್ಯ ಇಲ್ಲ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ಗೆ ಮುಂಚೆ ಒಂದು ಚೋಕ್ (ರಿಪಲ್ ತಡೆಯುವ ಸುರುಳಿ) ಸೇರಿಸಲೇ?

ಇನ್ನೊಂದು ಸಣ್ಣಗೆ ಝರ್ರ್ ಅನ್ನುತ್ತದೆ. ವಾಲ್ಯೂಮ್ ಏರಿಸಿದರೆ ಜಾಸ್ತಿ. ಕೇಬಲ್ ತೆಗೆದರೂ ಇದೆ. ಒಣ ಮರದ ಕಡ್ಡಿಯಿಂದ ವೈರ್‌ಗಳನ್ನು ತಳ್ಳಿ ನೋಡಿದೆ, ಏನೂ ಬದಲಾಗಲಿಲ್ಲ. ನನ್ನ ಅನುಮಾನ ಗ್ರೌಂಡ್ ಮೇಲೆ. ಫಿಲ್ಟರ್ ಕೆಪಾಸಿಟರ್‌ನದ್ದೂ ಇನ್‌ಪುಟ್ ಜ್ಯಾಕ್‌ನದ್ದೂ ಒಂದೇ ವೈರಿನಲ್ಲಿ ಹೋಗಿದೆ, ಆವತ್ತು ಸೋಮಾರಿತನಕ್ಕೆ ಹಾಗೆ ಮಾಡಿದೆ. ಅವೆರಡನ್ನು ಬೇರೆ ಮಾಡಿದರೆ ಸಾಕೋ, ಎಲ್ಲ ಬಿಚ್ಚಿ ಹೊಸದಾಗಿ ಎಳೆಯಬೇಕೋ?

ಒಳಗೆ 300 ವೋಲ್ಟ್‌ಗೂ ಜಾಸ್ತಿ ಇದೆ, ಗೊತ್ತು. ಪ್ಲಗ್ ಕಿತ್ತು, ಕೆಪಾಸಿಟರ್ ಖಾಲಿ ಮಾಡಿ, ಮೀಟರ್ ಇಟ್ಟು ನೋಡಿಯೇ ಬೆಸುಗೆ ಹಾಕುತ್ತಿದ್ದೇನೆ. ಒಳಗಿನ ಫೋಟೋ ಬೇಕಿದ್ದರೆ ಹಾಕುತ್ತೇನೆ.