‘ಮ್ಯಾಗಜೀನು’, ‘ಸ್ಪೂಲು’, ‘ವ್ಯಾಕ್ಯೂಮ್ ಪ್ಲೇಟು’: ಅಗಲ ಫಿಲಂನ ವಿಮಾನ ಕ್ಯಾಮೆರಾಗಳಿಗೆ ಯಾವ ಪದ?

ಬಳಗದವರಿಗೆ ನಮಸ್ಕಾರ.

ಎರಡನೇ ಮಹಾಯುದ್ಧದ ಕಾಲದ ವಿಮಾನ ಕ್ಯಾಮೆರಾಗಳನ್ನು ಈಗಲೂ ಬಳಸುವವರಿಗೆಂದು ದಾವಣಗೆರೆಯಲ್ಲಿ ಒಂದು ಕನ್ನಡ ಕೈಪಿಡಿ ಸಿದ್ಧವಾಗುತ್ತಿದೆ. ಅದರ ಕರಡಿನಲ್ಲಿರುವ ಈ ವಾಕ್ಯ ನೋಡಿ:

“ಖಾಲಿ ಸುರುಳಿಯನ್ನು ಈಚೆ ಬದಿಗೆ ಹಾಕಿ, ಹೊಸ ಸುರುಳಿಯನ್ನು ಆಚೆ ಬದಿಗೆ ಕೂರಿಸಿ, ಸುರುಳಿಯ ತುದಿಯನ್ನು ಸುರುಳಿಯ ಸೀಳಿಗೆ ಸಿಗಿಸಿ, ಸುರುಳಿ ಬಿಗಿಯಾಗುವ ತನಕ ತಿರುಗಿಸಿ.”

ಒಂದೇ ವಾಕ್ಯದಲ್ಲಿ ಐದು ‘ಸುರುಳಿ’. ಮೊದಲನೆಯದು ಬರೀ ಲೋಹದ ಸ್ಪೂಲು, ಎರಡನೆಯದು ಫಿಲಂ ಸುತ್ತಿದ ಸ್ಪೂಲು, ಮೂರನೆಯದು ಫಿಲಂ, ನಾಲ್ಕನೆಯದು ಮತ್ತೆ ಸ್ಪೂಲು, ಐದನೆಯದು ಸುತ್ತಿನ ಬಿಗಿ. ಈ ಕೆಲಸ ನಡೆಯುವುದು ಪೂರ್ತಿ ಕತ್ತಲಲ್ಲಿ. ವಾಕ್ಯವನ್ನು ಬಾಯಿಪಾಠ ಮಾಡಿಕೊಂಡು ಒಳಗೆ ಹೋಗಬೇಕು. ಮಧ್ಯೆ ಸಂಶಯ ಬಂದರೆ ದೀಪ ಹಾಕಿ ಪುಟ ತಿರುವುವ ಹಾಗಿಲ್ಲ. ಹಾಕಿದರೆ 20 ಅಡಿ ಫಿಲಂ ಹೋಯಿತು. ಹಾಗಾಗಿ ಪದಗಳನ್ನು ಇಲ್ಲಿ ಕೇಳುತ್ತಿರುವುದು ಅಂದಕ್ಕಲ್ಲ. ಒಂದೊಂದು ಭಾಗ ಏನು ಕೆಲಸ ಮಾಡುತ್ತದೆ ಎಂದು ವಿವರಿಸುತ್ತೇನೆ, ಅದನ್ನು ನೋಡಿ ಪದ ಒಪ್ಪುತ್ತದೋ ಇಲ್ಲವೋ ಹೇಳಿ.

ಮೊದಲು ಸ್ಪೂಲು. ಕೆ-20 ಎಂಬುದು 1941ರಿಂದ 1945ರವರೆಗೆ ಅಮೆರಿಕದಲ್ಲಿ ತಯಾರಾದ ಕೈಯಲ್ಲಿ ಹಿಡಿಯುವ ವಿಮಾನ ಕ್ಯಾಮೆರಾ. ಹಿರೋಷಿಮಾದ ಮೇಲೆ ಎದ್ದ ಅಣುಬಾಂಬಿನ ಮೋಡವನ್ನು ವಿಮಾನದ ಬಾಲದ ಗುಂಡುಗಾರ ಜಾರ್ಜ್ ಕ್ಯಾರನ್ ತೆಗೆದದ್ದು ಇದರಲ್ಲೇ. 4×5 ಅಂಗುಲದ ಚಿತ್ರ. ಫಿಲಂ 5¼ ಅಂಗುಲ ಅಗಲ. ನಮ್ಮ ಹಳೆಯ 120 ಫಿಲಂನ ಹಾಗೆ ಬೆನ್ನಿಗೆ ಕಾಗದ ಇರುವುದಿಲ್ಲ, ಬರೀ ಫಿಲಂ. ಎರಡು ಕಡೆ ಅಗಲ ಬಿಲ್ಲೆಗಳಿರುವ ಲೋಹದ ಸ್ಪೂಲಿಗೆ ಅದನ್ನು ಸುತ್ತಿರುತ್ತಾರೆ. ಆ ಬಿಲ್ಲೆಗಳೇ ಬೆಳಕನ್ನು ತಡೆಯುವ ಗೋಡೆ.

ಇದಕ್ಕೆ ‘ರೀಲು’ ಸಾಕಲ್ಲ ಎನ್ನಬಹುದು. ದಾವಣಗೆರೆಯ ಟೈಲರ್ ಅಂಗಡಿಯಲ್ಲಿ ದಾರದ ರೀಲು ಅಂದರೆ ನಿಜಕ್ಕೂ ಇದೇ ಆಕಾರ. ಆದರೆ ಟಾಕೀಸಿನವರ ಬಾಯಲ್ಲಿ ರೀಲು ಎಂದರೆ ಫಿಲಂನ ಉದ್ದ (“ಮೂರನೇ ರೀಲು ಓಡ್ತಿದೆ”), ಇವತ್ತಿನ ಹುಡುಗರಿಗೆ ರೀಲು ಎಂದರೆ ಫೋನಿನಲ್ಲಿ ನೋಡುವ ಅರ್ಧ ನಿಮಿಷದ ವಿಡಿಯೊ. ಮೂರು ಅರ್ಥದ ಪದ ಕತ್ತಲಿಗೆ ಒಳ್ಳೆಯದಲ್ಲ.

ನನ್ನ ಮನಸ್ಸು ‘ಕಂಡಿಕೆ’ಯ ಕಡೆ ಇದೆ. ಲಾಳಿಯ ಹೊಟ್ಟೆಯಲ್ಲಿ ಕೂರುವ, ಹೊಕ್ಕಿನ ನೂಲು ಸುತ್ತಿದ ಕೊಳವೆ. ನೂಲಿನ ಗಿರಣಿಗಳಿಂದಲೇ ಹೆಸರಾದ ಊರು ದಾವಣಗೆರೆ, ಮಗ್ಗಗಳ ಊರು ಮೊಳಕಾಲ್ಮೂರು. ಸುತ್ತುವ-ಬಿಚ್ಚುವ ಕೆಲಸಕ್ಕೆ ಈ ನೆಲದಲ್ಲಿ ಪದಗಳಿಗೆ ಬರವಿರಬಾರದು. ‘ಫಿಲಂ’ ಎಂದರೆ ಫಿಲಂ, ‘ಸುರುಳಿ’ ಎಂದರೆ ಸುತ್ತಿಟ್ಟ ಫಿಲಂ, ‘ಕಂಡಿಕೆ’ ಎಂದರೆ ಸುತ್ತಲು ಬಳಸುವ ಸ್ಪೂಲು ಎಂದು ಮೊದಲೇ ಗೆರೆ ಎಳೆದರೆ ಮೇಲಿನ ವಾಕ್ಯ ಹೀಗಾಗುತ್ತದೆ: “ಖಾಲಿ ಕಂಡಿಕೆಯನ್ನು ಈಚೆ ಬದಿಗೆ ಹಾಕಿ, ಹೊಸ ಸುರುಳಿಯನ್ನು ಆಚೆ ಬದಿಗೆ ಕೂರಿಸಿ, ಫಿಲಂನ ತುದಿಯನ್ನು ಕಂಡಿಕೆಯ ಸೀಳಿಗೆ ಸಿಗಿಸಿ, ಬಿಗಿಯಾಗುವ ತನಕ ಸುತ್ತಿ.” ಕತ್ತಲಲ್ಲಿ ನೆನಪಿಗೆ ಬರುವ ವಾಕ್ಯ ಇದು.

ಅಗಲದ ಮಾತಿಗೂ ಎಚ್ಚರ ಬೇಕು. ‘ಐದಂಗುಲದ ಫಿಲಂ’ ಎಂದು ಸಡಿಲವಾಗಿ ಬರೆದರೆ ಕೆಲಸ ಕೆಡುತ್ತದೆ. ಕೆ-20ಕ್ಕೆ ಬೇಕಾದದ್ದು 5¼ ಅಂಗುಲ, ಅಂದರೆ 133 ಮಿ.ಮೀ. ಬ್ರಿಟನ್ನಿನ ವಿಮಾನ ಕ್ಯಾಮೆರಾ ಎಫ್-24ಕ್ಕೆ 5½. ಆಮೇಲೆ ರೂಢಿಗೆ ಬಂದ ಅಗಲ 5 ಅಂಗುಲ, 127 ಮಿ.ಮೀ. ಈ ಫಿಲಂ ಕೆ-20ರೊಳಗೆ 6 ಮಿ.ಮೀ.ಯಷ್ಟು ಸಡಿಲ, ಅತ್ತಿತ್ತ ಜಾರುತ್ತದೆ, ಒಂದು ಅಂಚು ಬಿಲ್ಲೆ ಬಿಟ್ಟು ಸರಿದು ಬೆಳಕು ಕುಡಿಯುತ್ತದೆ. ಎರಡೂ ಕಂಡಿಕೆಗಳ ಎರಡೂ ತುದಿಗೆ, ಬಿಲ್ಲೆಯ ಒಳಮೈಗೆ ಹೊಂದಿಸಿ, 3 ಮಿ.ಮೀ. ದಪ್ಪದ ನೈಲಾನ್ ಬಳೆ ಹಾಕಿದರೆ ಫಿಲಂ ನಡುವೆ ನಿಲ್ಲುತ್ತದೆ. ಇನ್ನೊಂದು ದಾರಿ, ನಕ್ಷೆ ಕ್ಯಾಮೆರಾಗಳ 9½ ಅಂಗುಲದ ಫಿಲಂ ಸಿಕ್ಕರೆ ಕತ್ತಲಲ್ಲಿ ಉದ್ದಕ್ಕೆ ಸೀಳುವುದು: 5¼ ಅಂಗುಲದ ಪಟ್ಟಿ ಕ್ಯಾಮೆರಾಕ್ಕೆ, ಉಳಿಯುವ 4¼ ಅಂಗುಲದ ಪಟ್ಟಿಯಿಂದ 4×5 ಹಾಳೆಗಳು. ಕಾಲು ಅಂಗುಲದ ಅಂಚು ಬಿಟ್ಟರೆ ಏನೂ ವ್ಯರ್ಥವಾಗುವುದಿಲ್ಲ.

20 ಅಡಿ ಎಂದರೆ 240 ಅಂಗುಲ. ಮುಂದೆ ಹಿಂದೆ ಒಂದೊಂದು ಅಡಿ ಬಿಟ್ಟರೆ 216. ಚಿತ್ರಕ್ಕೆ ಎಡೆ ಸೇರಿ 4¼ ಅಂಗುಲ ಹಿಡಿದರೆ ಸುಮಾರು 50 ಚಿತ್ರ. ಹೀಗೆ ಬಿಡುವ ಒಂದೊಂದು ಅಡಿಗೂ ಹೆಸರು ಬೇಕು. ಲೀಡರು, ಟ್ರೇಲರು ಎನ್ನುತ್ತಾರೆ. ‘ತಲೆಸುತ್ತು’ ಎನ್ನುವ ಹಾಗಿಲ್ಲ, ಅದು ಕಾಯಿಲೆ. ಚಿತ್ರದುರ್ಗದವರು ಏಳು ಸುತ್ತಿನ ಕೋಟೆ ಎನ್ನುವಾಗಿನ ‘ಸುತ್ತು’ ಇಲ್ಲಿ ಹೇಳಿ ಮಾಡಿಸಿದ ಪದ. ಹೊರಗಿನ ಮೂರು ನಾಲ್ಕು ಸುತ್ತು ತಾವು ಬೆಳಕಿಗೆ ಬಲಿಯಾಗಿ ಒಳಗಿನ ಸುತ್ತುಗಳನ್ನು ಕಾಯುತ್ತವೆ. ‘ಕಾವಲು ಸುತ್ತು’ ಎಂದರೆ ಅದರ ಕೆಲಸವೂ ತಿಳಿಯುತ್ತದೆ. ಹೊಸ ಕಾಲದ ವಿಮಾನ ಫಿಲಂಗಳದು ಪಾಲಿಯೆಸ್ಟರ್ ತಳ. ಅದು ಗಾಜಿನ ಎಳೆಯಂತೆ ಬೆಳಕನ್ನು ಅಂಚಿನಿಂದ ಒಳಗೆ ಒಯ್ಯುತ್ತದೆ. ತುದಿ ಮಾತ್ರ ಹೊರಗಿದ್ದರೂ ಬೆಳಕು ಒಳಗೆ ನುಗ್ಗುತ್ತದೆ, ಆದ್ದರಿಂದ ಕಾವಲು ಸುತ್ತಿನಲ್ಲಿ ಜಿಪುಣತನ ಬೇಡ. ಪಾಲಿಯೆಸ್ಟರಿನ ಇನ್ನೊಂದು ಗುಣ, ಅದು ಹರಿಯುವುದಿಲ್ಲ. ಫಿಲಂ ಎಲ್ಲಾದರೂ ಸಿಕ್ಕಿಕೊಂಡಾಗ ಜೋರು ಮಾಡಿದರೆ ಮುರಿಯುವುದು ಎಂಬತ್ತು ವರ್ಷ ಹಳೆಯ ಹಲ್ಲುಚಕ್ರ. ಕಾವಲು ಸುತ್ತನ್ನು ಕಂಡಿಕೆಗೆ ಕಾಗದದ ಟೇಪಿನಿಂದ ಅಂಟಿಸಿ. ಬಿಗಿ ಹೆಚ್ಚಾದರೆ ಮೊದಲು ಟೇಪು ಬಿಡಬೇಕು.

ಇನ್ನು ‘ಮ್ಯಾಗಜೀನು’. ಕೆ-20ಕ್ಕೆ ಇದು ಇಲ್ಲ, ಫಿಲಂ ನೇರ ಕ್ಯಾಮೆರಾದ ಒಳಗೇ ಕೂರುತ್ತದೆ. ಎಫ್-24, ಕೆ-24, ಕೆ-17 ಇವುಗಳಲ್ಲಿ ಫಿಲಂ ಇರುವುದು ಕ್ಯಾಮೆರಾದ ಬೆನ್ನಿಗೆ ಸಿಗಿಸುವ ಪ್ರತ್ಯೇಕ ಪೆಟ್ಟಿಗೆಯಲ್ಲಿ. ಎಫ್-24ರದರಲ್ಲಿ 5×5 ಅಂಗುಲದ 125 ಚಿತ್ರ. ಒಂದು ಮುಗಿದರೆ ಕಳಚಿ ಇನ್ನೊಂದು ಸಿಗಿಸುತ್ತಾರೆ.

ಮ್ಯಾಗಜೀನ್ ಪದದ ಮೂಲ ಅರಬಿಯ ‘ಮಖ್ಜನ್’, ಉಗ್ರಾಣ. ಮದ್ದುಗುಂಡಿನ ಕೋಠಿ, ಬಂದೂಕಿನ ಗುಂಡಿನ ಪೆಟ್ಟಿಗೆ, 1731ರಿಂದ ಮಾಹಿತಿಯ ಉಗ್ರಾಣವೆಂಬ ಅರ್ಥದಲ್ಲಿ ಲಂಡನ್ನಿನ ನಿಯತಕಾಲಿಕ, ಎಲ್ಲವೂ ಅಲ್ಲಿಂದ ಬಂದವು. ಅದೇ ಧಾತುವಿನಿಂದ ಹುಟ್ಟಿದ ಇನ್ನೊಂದು ಪದ ನಮ್ಮಲ್ಲಿ ಶತಮಾನಗಳಿಂದ ಇದೆ: ಖಜಾನೆ. ಮ್ಯಾಗಜೀನು, ಖಜಾನೆ ಎರಡೂ ದಾಯಾದಿಗಳು. ಹಾಗೆಂದು ‘ಫಿಲಂ ಖಜಾನೆ’ ಎನ್ನಲು ಬಾಯಿ ಬರುವುದಿಲ್ಲ, ಜಿಲ್ಲಾ ಖಜಾನೆಯ ಕೌಂಟರು ಕಣ್ಣಿಗೆ ಬರುತ್ತದೆ. ‘ಕಣಜ’ ಯೋಚಿಸಿದ್ದುಂಟು, ಆದರೆ ಅದು ಕಚ್ಚುವ ಹುಳದ ಹೆಸರೂ ಹೌದು. ‘ಹಗೇವು’ ನನಗೆ ತುಂಬ ಇಷ್ಟದ ಪದ. ನಮ್ಮ ಕಡೆ ನೆಲದೊಳಗೆ ಜೋಳ ತುಂಬಿ ಬಾಯಿ ಮುಚ್ಚುವ ಗುಂಡಿ, ಒಳಗೆ ಗಾಢ ಕತ್ತಲು. ಕತ್ತಲಿನ ಮಟ್ಟಿಗೆ ಪಕ್ಕಾ ಹೊಂದುತ್ತದೆ. ಆದರೆ ಹಗೇವನ್ನು ಕಳಚಿ ಒಯ್ಯಲಾಗುವುದಿಲ್ಲ. ಮ್ಯಾಗಜೀನಿನ ಜೀವವೇ ಕಳಚುವುದರಲ್ಲಿದೆ.

ಉಳಿದದ್ದು ‘ಬತ್ತಳಿಕೆ’. ಬೆನ್ನಿಗೆ ಕಟ್ಟುವಂಥದ್ದು, ಸೈನಿಕನದ್ದು, ಒಂದಾದ ಮೇಲೆ ಒಂದು ಹೊರಗೆ ಬರುವಂಥದ್ದು. ‘125 ಚಿತ್ರಗಳ ಬತ್ತಳಿಕೆ’ ಎಂದರೆ ಯಾರಿಗೂ ವಿವರಿಸಬೇಕಿಲ್ಲ. ಒಂದು ತಕರಾರು ನ್ಯಾಯವಾಗಿ ಬರುತ್ತದೆ: ಬಿಟ್ಟ ಬಾಣ ಬತ್ತಳಿಕೆಗೆ ವಾಪಸಾಗುವುದಿಲ್ಲ, ಇಲ್ಲಿ ಬಳಸಿದ ಫಿಲಂ ಅದೇ ಪೆಟ್ಟಿಗೆಯ ಇನ್ನೊಂದು ಕಂಡಿಕೆಗೆ ಸುತ್ತಿಕೊಳ್ಳುತ್ತದೆ. ಆದರೂ ಇದಕ್ಕಿಂತ ಒಪ್ಪುವ ಪದ ಸಿಕ್ಕಿಲ್ಲ.

ಮೂರನೆಯದು ‘ವ್ಯಾಕ್ಯೂಮ್ ಪ್ಲೇಟು’, ಫಿಲಂ ಅನ್ನು ಚಪ್ಪಟೆಯಾಗಿ ನಿಲ್ಲಿಸುವ ತಟ್ಟೆ. ಇಷ್ಟು ಅಗಲದ ಫಿಲಂ ತನ್ನಷ್ಟಕ್ಕೆ ತಾನು ಸಮತಟ್ಟಾಗಿ ನಿಲ್ಲದು, ನಡುವೆ ಉಬ್ಬುತ್ತದೆ. ಕೆಲವು ಕ್ಯಾಮೆರಾಗಳಲ್ಲಿ ಗಾಜಿಗೆ ಒತ್ತಿ ಹಿಡಿಯುತ್ತಾರೆ. ಕೆ-20ರಲ್ಲಿ ಫಿಲಂ ಸರಿಸುವ ಹಿಡಿಕೆ ತಿರುಗಿಸಿದಾಗಲೇ ಹಿಂದಿನ ತಟ್ಟೆಯ ರಂಧ್ರಗಳ ಮೂಲಕ ಗಾಳಿ ಹೀರಿ ಫಿಲಂ ಅದಕ್ಕೆ ಅಂಟಿಕೊಳ್ಳುವಂತೆ ಮಾಡಿದ್ದಾರೆ. ಮಸೂರದ ಬಾಯಿ ಪೂರ್ತಿ ತೆರೆದಾಗ, ಅಂದರೆ ಎಫ್/4.5ರಲ್ಲಿ, ಫಿಲಂ ಅರ್ಧ ಮಿ.ಮೀ. ಮುಂದೆ ಬಂದರೂ ಅಷ್ಟು ಭಾಗ ಮಸುಕು.

‘ನಿರ್ವಾತ ಫಲಕ’ ಎಂಬ ಅನುವಾದ ನೋಡಿದ್ದೇನೆ. ನಿರ್ವಾತ ಎಂದರೆ ಗಾಳಿಯೇ ಇಲ್ಲದ ಸ್ಥಿತಿ. ಇಲ್ಲಿ ಅಂಥದ್ದೇನೂ ಆಗುವುದಿಲ್ಲ, ಸ್ವಲ್ಪ ಹೀರುತ್ತದೆ ಅಷ್ಟೆ. ತುರಿಮಣೆ, ಈಳಿಗೆಮಣೆ, ಲಟ್ಟಿಸುವ ಮಣೆ ಇರುವ ಭಾಷೆಗೆ ‘ಹೀರುಮಣೆ’ ಭಾರವಾಗದು. ಗಾಜಿಗೆ ಒತ್ತುವ ಬಗೆಯದಕ್ಕೆ ‘ಒತ್ತುಮಣೆ’. ಕೆಟ್ಟಾಗ ಕಾರಣ ಹುಡುಕಲಿಕ್ಕೂ ಪದ ನೆರವಾಗಬೇಕು: ಹೀರುಮಣೆ ಹೀರುತ್ತಿದೆಯೇ ಎಂದು ನೋಡಲು ಹಿಂಬಾಗಿಲು ತೆಗೆದು ತೆಳು ಕಾಗದ ಇಟ್ಟು ಹಿಡಿಕೆ ತಿರುಗಿಸಿ. ಕಾಗದ ಕಚ್ಚಿಕೊಳ್ಳದಿದ್ದರೆ ಒಳಗಿನ ರಬ್ಬರೋ ಚರ್ಮವೋ ಒಣಗಿ ಸೋರುತ್ತಿದೆ ಎಂದರ್ಥ. ಕಾಗದ ಕಚ್ಚಿಯೂ ಚಿತ್ರದ ನಡುಭಾಗ ಮಸುಕಾದರೆ ಫಿಲಂ ಕಿರಿದಾಗಿದೆ, ಅಂಚಿನ ರಂಧ್ರಗಳು ಬರೀ ಗಾಳಿ ಎಳೆಯುತ್ತಿವೆ. ಫಿಲಂ ಮುಚ್ಚದಿರುವ ಆ ರಂಧ್ರಗಳನ್ನು ಮಾತ್ರ ತೆಳು ಟೇಪಿನಿಂದ ಮುಚ್ಚಿ.

‘ವೈಮಾನಿಕ ಕ್ಯಾಮೆರಾ’ ಬಗ್ಗೆ ಚಿಕ್ಕ ಮಾತು. ವೈಮಾನಿಕ ಎಂದರೆ ವಿಮಾನ ನಡೆಸುವವನೂ ಹೌದು, ಹಾಗಾಗಿ ಪೈಲಟ್ಟನ ಕ್ಯಾಮೆರಾ ಎಂದೂ ಓದಿಸುತ್ತದೆ. ‘ವಿಮಾನ ಕ್ಯಾಮೆರಾ’ ನೇರ. ಅದರಲ್ಲಿ ತೆಗೆದದ್ದೆಲ್ಲ ‘ವೈಮಾನಿಕ ಚಿತ್ರ’ವೂ ಅಲ್ಲ. ಕೆ-20ರ 6⅜ ಅಂಗುಲ ಸಂಗಮದೂರದ ಮಸೂರ ಅನಂತಕ್ಕೆ, ಅಂದರೆ ತೀರಾ ದೂರದ್ದು ಸ್ಪಷ್ಟವಾಗಿ ಕಾಣುವಂತೆ, ಬಿಗಿದಿರುತ್ತದೆ. ಎಫ್/8ರಲ್ಲಿ ಸುಮಾರು 33 ಮೀಟರಿನಿಂದಾಚೆಗಿನದು ಸ್ಪಷ್ಟ. ಅಂಗಳದಲ್ಲಿ ನಿಂತವರ ಮುಖಕ್ಕೆ ಆಗದು. ಜೋಗಿಮಟ್ಟಿಯ ಮೇಲಿಂದ ಕೋಟೆ, ಊರು, ಗಾಳಿಗಿರಣಿಗಳ ಸಾಲು ತೆಗೆಯಲು ಏನೂ ಬದಲಿಸಬೇಕಿಲ್ಲ. ಅದಕ್ಕೆ ‘ವಿಹಂಗಮ ಚಿತ್ರ’ ಸರಿ, ಹಕ್ಕಿಗೆ ವಿಮಾನ ಬೇಡ. ನೇರ ಕೆಳಕ್ಕೆ ತೆಗೆದದ್ದು ‘ಲಂಬ’, ವಾಲಿಸಿ ತೆಗೆದದ್ದು ‘ಓರೆ’. ಹತ್ತು ಮೀಟರಿನಲ್ಲಿರುವುದನ್ನು ತೆಗೆಯಲೇಬೇಕಾದರೆ ಮಸೂರದ ಬುಡಕ್ಕೆ 2.7 ಮಿ.ಮೀ. ದಪ್ಪದ ಬಳೆ ಕೊಡಬೇಕು, ಆಮೇಲೆ ದೂರದ್ದು ಮಸುಕು.

ಫಿಲಂನ ‘ವೇಗ’ದಲ್ಲೂ, ಅಂದರೆ ಬೆಳಕಿಗೆ ಅದು ಎಷ್ಟು ಚುರುಕು ಎಂಬ ಅಂಕಿಯಲ್ಲೂ, ಒಂದು ಬಲೆ ಇದೆ. ವಿಮಾನ ಫಿಲಂನ ಡಬ್ಬಿಯ ಮೇಲಿನ ಅಂಕಿಯನ್ನು ಬೇರೆ ಕ್ರಮದಲ್ಲಿ ಅಳೆದಿರುತ್ತಾರೆ. 200 ಎಂದಿದ್ದರೆ 100ರಿಂದ ಶುರುಮಾಡಿ ಪರೀಕ್ಷಿಸಿ. ಕೈಪಿಡಿಯಲ್ಲಿ ‘ವಿಮಾನ ವೇಗ’, ‘ನೆಲದ ವೇಗ’ ಎಂದು ಬೇರೆ ಮಾಡಿದ್ದೇವೆ.

ಕೊನೆಯದಾಗಿ ತೊಳೆಯುವ ತೊಟ್ಟಿ. ಇಷ್ಟುದ್ದದ ಫಿಲಂ ಮಾಮೂಲಿ ಡಬ್ಬಿಗೆ ಹಿಡಿಯದು. ರಾಸಾಯನಿಕದಲ್ಲಿ ಮುಳುಗಿದ ಎರಡು ಕಂಡಿಕೆಗಳ ನಡುವೆ ಕೈಯಿಂದ ಅತ್ತಿಂದಿತ್ತ ಸುತ್ತುತ್ತಾರೆ. ‘ಮರುಸುತ್ತು ತೊಟ್ಟಿ’ ಎಂದಿಟ್ಟಿದ್ದೇವೆ. ಸುತ್ತುವಾಗ ಮಾತ್ರ ಫಿಲಂಗೆ ಹೊಸ ದ್ರಾವಣ ತಾಗುವುದು, ಆದ್ದರಿಂದ ವೇಗ ಒಂದೇ ಸಮ ಇರಬೇಕು. ಅತ್ತ ಒಂದು, ಇತ್ತ ಒಂದು, ಒಟ್ಟು ಸುತ್ತಾಟಗಳು ಸಮಸಂಖ್ಯೆಯಲ್ಲೇ ಮುಗಿಯಬೇಕು. ಚಿತ್ರ ಮೂಡಿಸುವ ದ್ರಾವಣವಾದ ಡೆವಲಪರನ್ನು ಮೊದಲು ಕಂಡ ತುದಿಯೇ, ಮೂಡಿದ್ದನ್ನು ಕಾಯಂ ಮಾಡುವ ಫಿಕ್ಸರನ್ನೂ ಮೊದಲು ಕಾಣಬೇಕಲ್ಲ. ಬೆಸಸಂಖ್ಯೆಗೆ ನಿಲ್ಲಿಸಿದರೆ ಒಂದು ತುದಿಗೆ ಕಾಲ ಹೆಚ್ಚು, ಇನ್ನೊಂದಕ್ಕೆ ಕಡಿಮೆ, 50 ಚಿತ್ರಗಳ ಉದ್ದಕ್ಕೂ ಕಪ್ಪು ಇಳಿಯುತ್ತ ಹೋಗುತ್ತದೆ. ದಾವಣಗೆರೆಯ ಏಪ್ರಿಲ್ಲಿನಲ್ಲಿ ಮೇಲಿನ ಟ್ಯಾಂಕಿನ ನೀರು 30 ಡಿಗ್ರಿ ದಾಟುತ್ತದೆ. ತೊಟ್ಟಿಯ ಸುತ್ತ ಐಸು ಹಾಕಿದ ನೀರಿಟ್ಟು 24ಕ್ಕೆ ಇಳಿಸಿ, ಡೆವಲಪರಿನ ಕಾಲವನ್ನು 20 ಡಿಗ್ರಿಯ ಕಾಲಕ್ಕಿಂತ ಸುಮಾರು ಶೇಕಡಾ 30ರಷ್ಟು ಕಡಿಮೆ ಮಾಡಿ. ಡಿ-76 ಎಂಬ ಡೆವಲಪರನ್ನು ಸಮಪಾಲು ನೀರು ಬೆರೆಸಿಯೇ ಬಳಸುವುದು ಕ್ಷೇಮ, ಕಾಲ ಉದ್ದವಾದಷ್ಟು ಸುತ್ತಾಟಗಳು ಹೆಚ್ಚು, ಪಟ್ಟೆಗಳು ಕಡಿಮೆ.

ಈಗ ಪ್ರಶ್ನೆ, ಮುಖ್ಯವಾಗಿ ಮೊಳಕಾಲ್ಮೂರು ಕಡೆಯ ಸದಸ್ಯರಿಗೆ. ನೂಲು ಮುಗಿದ ಮೇಲೆ ಉಳಿಯುವ ಬರೀ ಕೊಳವೆಯನ್ನೂ ಮಗ್ಗದವರು ಕಂಡಿಕೆ ಎಂದೇ ಕರೆಯುತ್ತಾರೆಯೇ, ಅಥವಾ ಅದಕ್ಕೆ ಬೇರೆ ಹೆಸರಿದೆಯೇ? ಬೇರೆ ಇದ್ದರೆ ನಮ್ಮ ಖಾಲಿ ಸ್ಪೂಲಿಗೆ ಅದೇ ಆಗಬೇಕು. ಹಾಗೆಯೇ ನೇದ ಸೀರೆ ಸುತ್ತಿಕೊಳ್ಳುತ್ತ ಹೋಗುವ ದಿಂಡಿಗೆ ನಿಮ್ಮಲ್ಲಿ ಏನನ್ನುತ್ತಾರೆ? ಬಳಸಿದ ಫಿಲಂ ಸುತ್ತಿಕೊಳ್ಳುವ ಕಂಡಿಕೆಗೆ ಆ ಪದ ಬೇಕಾಗಿದೆ.